ತವರಿನ ಪಾಲು

ಸುದೀಪ್ ಕೋರ್ಟಿನಿಂದ ಮನೆಗೆ ಬಂದಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಕೈಕಾಲು ತೊಳೆಯದೆ ನೇರವಾಗಿ ಬಂದು ತಟ್ಟೆಯ ಮುಂದೆ ಕುಳಿತ. ಸುಷ್ಮಾ ಮುದ್ದೆ ಇಟ್ಟು ಅವರೆಕಾಳಿನ ಸಾರು ಬಡಿಸಿದಳು. ಅವನು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ, ಬಾಯಿಗಿಡದೆ ಹಾಗೇ ಹಿಡಿದುಕೊಂಡು ಕುಳಿತ.

"ಏನಾಯ್ತೋ?" ಎಂದಳು ಅವನ ತಾಯಿ ಪುಷ್ಪಮ್ಮ, ಗೋಡೆಗೆ ಒರಗಿದ್ದಲ್ಲಿಂದಲೇ.

"ಏನಾಗ್ಬೇಕು. ನಿನ್ನ ಮಗಳು ಗೆದ್ಲು."

"ಎಷ್ಟು ಕೊಡ್ಬೇಕಂತೆ?"

"ಮೂರರಲ್ಲಿ ಒಂದು. ನಂಗೆಷ್ಟೋ ಅವಳಿಗೂ ಅಷ್ಟೇ, ನಿಂಗೂ ಅಷ್ಟೇ."

ಪುಷ್ಪಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಹೊಟ್ಟೇಲಿ ಹುಟ್ಟಿದ್ದು ಹೊಟ್ಟೆ ಮೇಲೇ ಹೊಡೀತು" ಎಂದಳು.

ವಾಣಿ ಸುದೀಪನ ಅಕ್ಕ. ಮದುವೆಯಾಗಿ ಮೂವತ್ತು ವರ್ಷಕ್ಕೂ ಮೇಲಾಗಿತ್ತು, ಶಿವಮೊಗ್ಗದಲ್ಲೇ, ರವೀಂದ್ರನಗರದಲ್ಲಿ ಮನೆ. ಆಲ್ಕೊಳದ ಹೊಲವನ್ನು ಸುದೀಪ್ ಲೇಔಟಿನವರಿಗೆ ಮಾರಿದಾಗ ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ಆ ಸಿಟ್ಟಿಗೆ ಅವಳು ಪಾಲಿನ ದಾವೆ ಹಾಕಿದಳು. ತಂದೆ ಭೈರಪ್ಪ ಹೆಣ್ಣುಮಕ್ಕಳಿಗೆ ಸಮಪಾಲಿನ ಕಾಯ್ದೆ ಬರುವ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ಕೆಳಗಿನ ಕೋರ್ಟು ಅವಳಿಗೆ ಒಂಬತ್ತರಲ್ಲಿ ಒಂದು ಪಾಲು ಮಾತ್ರ ಕೊಟ್ಟಿತು. ಅಂದು ಸುದೀಪ್ ಮನೆಗೆ ಸ್ವೀಟ್ ಬಾಕ್ಸ್ ತಂದಿದ್ದ. ವಾಣಿ ಅಪೀಲು ಹೋದಳು. ಅಪೀಲು ನಡೆಯುತ್ತಿದ್ದಾಗಲೇ ದೆಹಲಿಯ ದೊಡ್ಡ ಕೋರ್ಟು, ಮಗಳ ಹಕ್ಕು ಹುಟ್ಟಿನಿಂದ ಬರುವಂಥದ್ದು, ಅಪ್ಪ ಯಾವಾಗ ಸತ್ತ ಎಂಬುದು ಲೆಕ್ಕಕ್ಕಿಲ್ಲ ಎಂದುಬಿಟ್ಟಿತು. ಈಗ ಆ ಮಾತು ಆಲ್ಕೊಳದ ಈ ಮನೆಯ ಊಟದ ತಟ್ಟೆಯವರೆಗೆ ಬಂದಿತ್ತು.

ಹೊಲ ಮಾರಿದ ದುಡ್ಡು ಅಂಗಡಿಗೆ ಹೋಗಿತ್ತು. ಉಳಿದಿದ್ದು ಈ ಮನೆ ಮತ್ತು ಮನೆಯ ಮುಂಭಾಗದಲ್ಲಿ, ರಸ್ತೆಗೆ ಮುಖ ಮಾಡಿದ ಸುದೀಪನ ಟೈಲ್ಸ್ ಅಂಗಡಿ. ಎರಡೂ ಒಂದೇ ಸೈಟಿನಲ್ಲಿದ್ದವು.

ವಾರ ಕಳೆದು ವಕೀಲ ಏಕಾಂತಪ್ಪನವರ ಆಫೀಸಿಗೆ ಹೊರಟಾಗ ಸುದೀಪ್, "ನೀನೂ ಬಾ" ಎಂದು ಹೆಂಡತಿಯನ್ನೂ ಕರೆದ. ಏಳು ವರ್ಷದ ಕೇಸಿನಲ್ಲಿ ಅವಳನ್ನು ಕರೆದದ್ದು ಅದೇ ಮೊದಲು. ಸುಷ್ಮಾಗೆ ಒಳಗೊಳಗೇ ಸಮಾಧಾನವೂ ಆಯಿತು, ತನ್ನನ್ನೂ ಒಂದು ಮಾತು ಕೇಳುವ ಮನುಷ್ಯ ಆದನಲ್ಲ ಎಂದು.

ಏಕಾಂತಪ್ಪ ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು. "ನೋಡಪ್ಪ, ಕೋರ್ಟಿಂದ ಕಮಿಷನರ್ ಬಂದು ಅಳತೆ ಮಾಡ್ತಾರೆ. ಮೂವತ್ತು ನಲವತ್ತರ ಸೈಟನ್ನ ಮೂರು ತುಂಡು ಮಾಡೋಕಾಗಲ್ಲ ಅಂತ ವರದಿ ಕೊಡ್ತಾರೆ. ಆಮೇಲೆ ಎರಡೇ ದಾರಿ. ಅಕ್ಕನ ಪಾಲಿನ ಬೆಲೆ ಕೊಟ್ಟು ನೀನೇ ಇಟ್ಕೊ. ಇಲ್ಲಾಂದ್ರೆ ಹರಾಜು."

"ಅಮ್ಮ ತನ್ನ ಪಾಲು ಬರ್ಕೊಡ್ತಾಳೆ ಸಾರ್. ಅಕ್ಕಂದಕ್ಕೆ ಎಲ್ಲಿಂದ ತರ್ಲಿ? ಅಂಗಡಿ ಸಾಲಕ್ಕೇ ಬ್ಯಾಂಕ್‌ನೋರು ಫೋನ್ ಮಾಡ್ತಿದಾರೆ."

ವಕೀಲರು ಸುಷ್ಮಾ ಕಡೆ ತಿರುಗಿದರು. "ತವರು ಯಾವೂರಮ್ಮ?"

"ಭದ್ರಾವತಿ ಸಾರ್."

"ಆಸ್ತಿ ಇದ್ಯಾ?"

ಸುಷ್ಮಾ ಬಾಯಿ ತೆರೆಯುವ ಮುನ್ನ ಸುದೀಪನೇ ಹೇಳಿದ: "ಭದ್ರಾವತೀಲಿ ಹಳೇ ಮನೆ, ಹೊಳೆಹೊನ್ನೂರ ಹತ್ರ ನಾಲ್ಕು ಎಕರೆ ಗದ್ದೆ. ಎಲ್ಲ ಪಿತ್ರಾರ್ಜಿತ. ಇವಳ ಮದುವೆಗೆ ಮುಂಚೆನೇ ಅಪ್ಪ ಮಗ ಪಾಲು ಮಾಡ್ಕೊಂಡಿದಾರಂತೆ. ಅಪ್ಪ ಈಗಿಲ್ಲ."

"ರಿಜಿಸ್ಟರ್ ಆಗಿದ್ಯಾ?"

"ಇಲ್ಲ. ಪಂಚಾಯ್ತಿ ಸೇರಿಸಿ ಬಿಳಿ ಕಾಗದದ ಮೇಲೆ ಬರ್ದಿರೋದು."

"ಹಾಗಾದ್ರೆ ನಿಲ್ಲಲ್ಲ" ಎಂದರು ಏಕಾಂತಪ್ಪ, ಕನ್ನಡಕ ಮತ್ತೆ ಹಾಕಿಕೊಳ್ಳುತ್ತ. "ನಿಮ್ಮನೆಯಿಂದ ತಗೊಂಡು ಹೋದ ಕಾಯ್ದೆನೇ ನಿಮ್ಮನೆಗೂ ತಂದುಕೊಡುತ್ತೆ. ಯೋಚನೆ ಮಾಡಿ."

ಬೈಕಿನ ಹಿಂದೆ ಕುಳಿತು ಬರುವಾಗ, ತನ್ನನ್ನು ಯಾಕೆ ಕರೆದುಕೊಂಡು ಹೋದ ಎಂಬುದು ಸುಷ್ಮಾಗೆ ಅರ್ಥವಾಯಿತು.

ಅಂದಿನಿಂದ ಮನೆಯಲ್ಲಿ ಬೇರೆ ಮಾತಿಲ್ಲ. ಸುದೀಪ್ ಕೂಗಾಡುವವನಲ್ಲ. ಕಾಫಿ ಲೋಟ ಇಳಿಸುವಾಗ ಒಂದು ಮಾತು, ಚಪ್ಪಲಿ ಹಾಕುವಾಗ ಒಂದು ಮಾತು. "ಮನೆ ಹರಾಜಾದ್ರೆ ಪ್ರಿಯನ್ನ ಯಾವ ಮನೆಯಿಂದ ಮದುವೆ ಮಾಡಿ ಕಳಿಸ್ತೀಯ?" ಎನ್ನುವನು. ಪುಷ್ಪಮ್ಮ ಸೊಪ್ಪು ಸೋಸುತ್ತ, "ಯಾರನ್ನೂ ಕೊಳ್ಳೆ ಹೊಡಿ ಅಂತಿಲ್ವಲ್ಲ ಮಾರಾಯ್ತಿ. ನಿಂದು ನೀನು ಕೇಳು" ಎನ್ನುವಳು.

ಒಂದು ಭಾನುವಾರ ತಿಂಡಿಗೆ ಕುಳಿತಾಗ ಮಗಳು ಪ್ರಿಯದರ್ಶಿನಿ ಬಾಯಿಬಿಟ್ಟಳು. ಅವಳು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಳು. "ವಾಣತ್ತೆ ಕೇಳಿದ್ದಕ್ಕೆ ಅವರ ಹೆಸರೆತ್ತಬಾರ್ದು ಅಂತ ಅಜ್ಜಿ ಹೇಳ್ತಾರೆ. ಅಮ್ಮ ಮಾತ್ರ ಕೇಳ್ಬೇಕಾ?"

"ನಿನ್ನ ದೋಸೆ ನೀನು ತಿನ್ನು" ಎಂದ ಸುದೀಪ್.

"ಅಲ್ಲಪ್ಪ, ಅವರು ಮಾಡಿದ್ದು ತಪ್ಪಾದ್ರೆ..."

"ಅವಳು ಕೇಳಿದ್ದು ಮನೆ ಮುರಿಯೋಕೆ. ನಾವು ಕೇಳ್ತಿರೋದು ಮನೆ ಉಳಿಸ್ಕೊಳ್ಳೋಕೆ. ಓದಿದೀಯಲ್ಲ, ಅಷ್ಟೂ ಗೊತ್ತಾಗಲ್ವಾ?"

ಪ್ರಿಯಾ ತಾಯಿಯ ಮುಖ ನೋಡಿದಳು. ಸುಷ್ಮಾ ಕಾವಲಿಯ ಮೇಲೆ ಹಿಟ್ಟು ಹರಡುತ್ತಿದ್ದಳು, ತಿರುಗಲಿಲ್ಲ.

ಕಡೆಗೆ ಒಂದು ದಿನ ಬಾಯಿಮಾತಿನಲ್ಲೇ ಕೇಳಿ ಬರುವುದೆಂದು ಸುಷ್ಮಾ ಭದ್ರಾವತಿಯ ಬಸ್ಸು ಹತ್ತಿದಳು. ಅಣ್ಣ ಶಿವಕುಮಾರ್ ಕಾರ್ಖಾನೆಯ ಗುತ್ತಿಗೆ ಕೆಲಸ ಹೋದ ಮೇಲೆ ಗದ್ದೆಯನ್ನೇ ನಂಬಿದ್ದ. ಅಂದು ಅವನು ಗದ್ದೆಯಿಂದ ಬಂದವನೇ, "ಯಾವಾಗ ಬಂದೆ? ಪ್ರಿಯನ್ನೂ ಕರ್ಕೊಂಡು ಬರೋದಲ್ವಾ?" ಎಂದು ಕೇಳಿ, ತಂಗಿ ಬಂದಿದ್ದಾಳೆಂದು ಮೀನು ತರಲು ಹೋದ. ಅತ್ತಿಗೆ ಮಸಾಲೆ ರುಬ್ಬಿದಳು. ಅವ್ವ ಮಂಡಿನೋವು ಎನ್ನುತ್ತಲೇ ಎದ್ದು ಅಟ್ಟದಿಂದ ಉಪ್ಪಿನಕಾಯಿ ಜಾಡಿ ಇಳಿಸಿದಳು. ಊಟದ ಹೊತ್ತಿಗೆ ಕೇಳೋಣವೆಂದುಕೊಂಡಳು. ಊಟವಾದ ಮೇಲೆ ಎಂದುಕೊಂಡಳು. ಅಣ್ಣ ಬಸ್‌ಸ್ಟ್ಯಾಂಡಿನವರೆಗೆ ಬಂದು, ಚೀಲದಲ್ಲಿ ಅಕ್ಕಿ, ನುಗ್ಗೆಕಾಯಿ ಇಟ್ಟು ಹತ್ತಿಸಿದ. ಬಸ್ಸು ಹೊರಟಿತು. ಅವಳು ಕೇಳಲಿಲ್ಲ.

ಮನೆಯಲ್ಲಿ, "ಕೇಳಿದೆ, ಯೋಚನೆ ಮಾಡ್ತೀನಿ ಅಂದ" ಎಂದು ಸುಳ್ಳು ಹೇಳಿದಳು. ಮೂರನೆಯ ದಿನ ಸುದೀಪ್ ತಾನೇ ಭಾವನಿಗೆ ಫೋನ್ ಮಾಡಿದ. ಯಾವ ಮಾತೂ ನಡೆದಿಲ್ಲವೆಂಬುದು ಆಗ ತಿಳಿಯಿತು. ಅವನು ಜಗಳ ಮಾಡಲಿಲ್ಲ. ಅಂದಿನಿಂದ ಮನೆಯಲ್ಲಿ ಊಟ ಬಿಟ್ಟ. ಅಂಗಡಿ ಎದುರಿನ ಹೋಟೆಲಿನಲ್ಲಿ, ಮನೆಯ ಕಿಟಕಿಗೆ ಕಾಣುವಂತೆ ಕುಳಿತು ತಿನ್ನುತ್ತಿದ್ದ. ಸುಷ್ಮಾ ಮಾಡಿದ ಅಡುಗೆ ಸಂಜೆಯವರೆಗೂ ಮುಚ್ಚಿಟ್ಟಲ್ಲೇ ಇರುತ್ತಿತ್ತು.

"ಗಂಡ ಹೋಟ್ಲಲ್ಲಿ ತಿಂತಾನೆ, ಆಲ್ಕೊಳ ಸರ್ಕಲ್ಲೆಲ್ಲ ನೋಡ್ತಿದೆ. ನಿಂಗೆ ಅನ್ನ ಹೇಗೆ ಇಳಿಯುತ್ತೆ ಕಣೇ?" ಎಂದಳು ಪುಷ್ಪಮ್ಮ.

ಇಳಿಯುತ್ತಿರಲಿಲ್ಲ. ಹಬ್ಬದ ದಿನವೂ ಅವನು ಹೋಟೆಲಿಗೆ ಹೋದಾಗ ಸುಷ್ಮಾ ಹೋಳಿಗೆಯ ತಟ್ಟೆಯನ್ನು ಮುಚ್ಚಿಟ್ಟು, ಸೀರೆ ಬದಲಾಯಿಸಿ ಅಂಗಡಿಗೆ ಹೋದಳು.

"ಎಲ್ಲಿ ಸೈನ್ ಮಾಡ್ಬೇಕು, ಹೇಳಿ" ಎಂದಳು.

ಸುಷ್ಮಾ ಹಾಕಿದ ದಾವೆಯ ಸಮನ್ಸ್ ಭದ್ರಾವತಿಗೆ ತಲುಪಿದ ದಿನ ಅತ್ತಿಗೆಯ ಫೋನು ಬಂತು. "ಕೋರ್ಟಿನೋರು ಬಂದಿದ್ರು ಸುಷ್ಮಾ. ಬೀದೀಲಿ ನಿಂತ್ಕೊಂಡು ನಿಮ್ಮಣ್ಣನ ಹೆಸರು ಕೂಗಿದ್ರು. ಏನೋ ಕಳ್ಳತನದ ಕೇಸು ಅನ್ಕೊಂಡ್ರು ಜನ. ಅವತ್ತು ಮೀನು ತಿಂದು ಹೋದ್ಯಲ್ಲ, ಆವಾಗ್ಲೇ ಬಾಯಿಬಿಟ್ಟು ಹೇಳಿದ್ರೆ ಆಗ್ತಿರಲಿಲ್ವಾ?"

"ಅತ್ತಿಗೆ, ನಾನು..."

"ಅತ್ತಿಗೆ ಅನ್ಬೇಡ. ನೀನು ವಾದಿ ನಾವು ಪ್ರತಿವಾದಿ ಅಂತ ಬರ್ದಿದೆ ಕಾಗದದಲ್ಲಿ" ಎಂದು ಅವಳು ಫೋನಿಟ್ಟಳು.

ಅವ್ವನಿಗೂ ಪಾಲಿರುವುದರಿಂದ ಅವಳನ್ನೂ ಪ್ರತಿವಾದಿ ಮಾಡಿದ್ದರು. ಭದ್ರಾವತಿಯ ಕೋರ್ಟಿನಲ್ಲಿ ಎರಡು ಮೂರು ತಾರೀಕು ಕಳೆದವು. ಸುಷ್ಮಾ ಒಂದು ಬೆಂಚಿನಲ್ಲಿ ಸುದೀಪನ ಪಕ್ಕ ಕೂರುವಳು. ಎದುರಿನ ಬೆಂಚಿನಲ್ಲಿ ಅಣ್ಣ ನೆಲ ನೋಡುತ್ತ ಕೂರುವನು. ಅಣ್ಣನ ವಕೀಲರೇ ಅವನಿಗೆ ಬುದ್ಧಿ ಹೇಳಿದರಂತೆ: ಬಿಳಿ ಕಾಗದ ಹಿಡಿದು ಹೈಕೋರ್ಟಿನವರೆಗೆ ಹೋದರೂ ಇಷ್ಟೇ, ಲೋಕ ಅದಾಲತಿನಲ್ಲಿ ರಾಜಿ ಮಾಡಿಕೊಂಡು ಮನೆಯನ್ನಾದರೂ ಉಳಿಸಿಕೊ.

ರಾಜಿಯ ದಿನ ಕೋರ್ಟಿನ ತುಂಬ ಜನ. ಸುದೀಪ್ ವಕೀಲರ ಹಿಂದೆ ಓಡಾಡುತ್ತಿದ್ದ. ಮರದ ಕೆಳಗಿನ ಕಟ್ಟೆಯ ಮೇಲೆ ಒಬ್ಬಳೇ ಕುಳಿತಿದ್ದ ಸುಷ್ಮಾಳ ಹತ್ತಿರ ಅವ್ವ ಕುಂಟುತ್ತ ಬಂದಳು. ಸೆರಗಿನೊಳಗಿಂದ ಸ್ಟೀಲ್ ಡಬ್ಬಿ ತೆಗೆದಳು. ಅಕ್ಕಿರೊಟ್ಟಿ, ಬದನೆಕಾಯಿ ಪಲ್ಯ.

"ಬೆಳಿಗ್ಗೆ ಏನಾದ್ರೂ ತಿಂದ್ಯಾ?"

"ಇಲ್ಲವ್ವ."

"ತಿನ್ನು. ಮುಖ ನೋಡು ಹೇಗಾಗಿದೆ."

ಸುಷ್ಮಾ ರೊಟ್ಟಿ ಮುರಿದು ತಿಂದಳು. ಅವ್ವ ಪಕ್ಕದಲ್ಲಿ ಕುಳಿತು, ಮಗಳು ಪೂರ್ತಿ ತಿನ್ನುವುದನ್ನು ನೋಡಿದಳು. ಮುಗಿದ ಮೇಲೆ ಡಬ್ಬಿ ಇಸಿದುಕೊಂಡು ಮುಚ್ಚಳ ಹಾಕಿದಳು.

"ನಿಂದು ನೀನು ಕೇಳಿದೀಯ. ತಪ್ಪು ಅನ್ನಲ್ಲ. ನಮ್ಮ ಕಾಲದಲ್ಲಿ ಕೇಳೋಕೆ ಬಾಯೇ ಇರಲಿಲ್ಲ" ಎಂದಳು. "ಇನ್ನು ಮನೆ ಕಡೆ ಬರ್ಬೇಡ ಮಗ. ನಿಮ್ಮತ್ತಿಗೆ ಬಾಗಿಲಲ್ಲಿ ನಿಂತು ಏನಾದ್ರೂ ಅಂದ್ರೆ ತಡಿಯೋಕೆ ನನ್ನ ಕೈಲಾಗಲ್ಲ. ನಾನು ಅವರ ಕೈಯಲ್ಲಿ ಅನ್ನ ತಿನ್ನೋಳು."

"ನಿನ್ನ ನೋಡ್ಬೇಕು ಅನ್ಸಿದ್ರೆ?"

ಒಳಗಿನಿಂದ ಹೆಸರು ಕೂಗಿದರು. ಮನೆ ಅಣ್ಣನಿಗೆ, ಗದ್ದೆಯಲ್ಲಿ ಒಂದೂಕಾಲು ಎಕರೆ ಸುಷ್ಮಾಗೆ, ಅವ್ವ ತನ್ನ ಪಾಲನ್ನು ಮಗನಿಗೇ ಬಿಟ್ಟಳು. ಅವ್ವನ ಹೆಬ್ಬೆಟ್ಟಿಗೆ ಮಸಿ ಹಚ್ಚಿದರು. ಅವಳು ಅದನ್ನು ಒರೆಸಿಕೊಳ್ಳದೆ, ಡಬ್ಬಿಯನ್ನು ಎದೆಗವಚಿಕೊಂಡು ಮಗನ ಬೈಕಿನ ಹಿಂದೆ ಕುಳಿತು ಹೋದಳು.

ಇತ್ತ ಆಲ್ಕೊಳದಲ್ಲಿ ಪುಷ್ಪಮ್ಮನೂ ತನ್ನ ಮೂರರಲ್ಲೊಂದನ್ನು ಮಗನಿಗೆ ಬರೆದುಕೊಟ್ಟಿದ್ದಳು. ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಅವಳನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ, ಬರುವಾಗ ಮಸಾಲೆದೋಸೆ ಕೊಡಿಸಿದ್ದ ಸುದೀಪ್. ಕೆಲವು ವಾರ ಕಳೆದ ಮೇಲೆ ಅಂಗಡಿಗೆ ಹೊಸ ಮಾಲು ಬಂತು. ಇಡಲು ಜಾಗ ಸಾಲದೆ ಪುಷ್ಪಮ್ಮನ ಕೋಣೆಯಲ್ಲಿ ಟೈಲ್ಸ್ ಪೆಟ್ಟಿಗೆಗಳನ್ನು ಪೇರಿಸಿದರು. ಅವಳ ಮಂಚ ಅಡುಗೆಮನೆಗೆ ಹೋಗುವ ಓಣಿಗೆ ಬಂತು. ಗ್ಯಾಸ್ ಒಲೆಯ ಶಬ್ದಕ್ಕೆ ಅವಳಿಗೆ ಬೆಳಗಿನ ನಿದ್ದೆ ಹರಿಯುತ್ತಿತ್ತು.

"ಸ್ವಲ್ಪ ದಿನ ಅಷ್ಟೇಮ್ಮ" ಎಂದಿದ್ದ ಸುದೀಪ್. ಮಾಲು ಖಾಲಿಯಾದಂತೆ ಹೊಸ ಮಾಲು ಬರುತ್ತಿತ್ತು.

ಸುಷ್ಮಾಳ ಹೆಸರಿಗೆ ಪಹಣಿ ಆಗುವಷ್ಟರಲ್ಲಿ ಬೇಸಿಗೆ ಬಂದಿತ್ತು. ಸುದೀಪ್ ಈಗ ಮನೆಯಲ್ಲೇ ಊಟ ಮಾಡುತ್ತಿದ್ದ, ಸಾರು ಚೆನ್ನಾಗಿದೆ ಎಂದೂ ಹೇಳುತ್ತಿದ್ದ. ಒಂದು ಸಂಜೆ ಪವರ್ ಆಫ್ ಅಟಾರ್ನಿ ಕಾಗದ ತಂದ. ಗದ್ದೆ ಮಾರುವ ಅಧಿಕಾರವೆಲ್ಲ ಗಂಡನಿಗೆ ಕೊಡುವ ಕಾಗದ. "ಗಿರಾಕಿ ಇದಾನೆ. ನಾಳೆ ಹೋಗಿ ಸೈನ್ ಮಾಡಿಬರೋಣ. ಅಕ್ಕನ ಮುಖಕ್ಕೆ ದುಡ್ಡು ಎಸೆದು ಮನೆ ಬಿಡಿಸ್ಕೊಳ್ಳೋಣ" ಎಂದು ಟೇಬಲ್ಲಿನ ಮೇಲಿಟ್ಟು ಅಂಗಡಿಗೆ ಹೋದ.

ಸುಷ್ಮಾ ಒಲೆಯ ಮುಂದೆ ನಿಂತಿದ್ದಳು. ಓಣಿಯ ಮಂಚದ ಮೇಲೆ ಕುಳಿತು ಬೆಳ್ಳುಳ್ಳಿ ಬಿಡಿಸುತ್ತಿದ್ದ ಪುಷ್ಪಮ್ಮ ತಲೆಯೆತ್ತದೆ ಹೇಳಿದಳು:

"ಮಾಡ್ಬೇಡ."

"ಏನತ್ತೆ?"

"ಸೈನು. ಮಾಡ್ಬೇಡ."

ಸುಷ್ಮಾ ಒಲೆ ಸಣ್ಣ ಮಾಡಿದಳು. "ನೀವೇ ಅಲ್ವಾ ಕೇಳು ಕೇಳು ಅಂದಿದ್ದು?"

"ಅಂದೆ. ಆವಾಗ ನಂಗೆ ಕೋಣೆ ಇತ್ತು" ಎಂದಳು ಪುಷ್ಪಮ್ಮ. ಬೆಳ್ಳುಳ್ಳಿ ಸಿಪ್ಪೆಯನ್ನು ಮಡಿಲಿನಿಂದ ಕೊಡವಿ ಮತ್ತೆ ಬಗ್ಗಿದಳು. ಅದಕ್ಕಿಂತ ಹೆಚ್ಚಿಗೆ ಅವಳು ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಸುದೀಪ್ ಊಟಕ್ಕೆ ಕುಳಿತಾಗ ಸುಷ್ಮಾ ಬಡಿಸಿ, ಎದುರಿಗೆ ಕುಳಿತಳು. "ಗದ್ದೆ ಮಾರೋಣ. ಆದ್ರೆ ವಾಣಕ್ಕನ ಪಾಲು ಬಿಡಿಸ್ಕೊಳ್ಳೋದು ನನ್ನ ಹೆಸರಿಗೆ ಆಗ್ಲಿ. ಮನೆಯಲ್ಲಿ ಆ ಮೂರರಲ್ಲೊಂದು ನಂದು ಅಂತ ರಿಜಿಸ್ಟರ್ ಆಗ್ಲಿ."

ಅವನು ನಕ್ಕ. "ಗಂಡ ಹೆಂಡ್ತಿ ಮಧ್ಯೆ ಎಂಥ ಹೆಸರು?"

"ಹಾಗಾದ್ರೆ ನನ್ನ ಹೆಸರೇ ಇರ್ಲಿ ಬಿಡಿ."

"ಇದು ನಮ್ಮಪ್ಪನ ಮನೆ. ಹೊರಗಿಂದ ಬಂದೋಳ ಹೆಸರು ಹೇಗೆ ಹಾಕ್ಲಿ? ನಾಳೆ ಊರಲ್ಲಿ ಏನಂತಾರೆ?"

"ನಮ್ಮಪ್ಪನ ಗದ್ದೆಗೆ ನಿಮ್ಮ ಹೆಸರು ಹಾಕ್ಬಹುದಾ?"

ಅವನ ಕೈ ತಟ್ಟೆಯಲ್ಲೇ ನಿಂತಿತು. "ನಿಂಗೆ ಯಾರು ಹೇಳ್ಕೊಡ್ತಿದಾರೆ? ಆ ವಾಣಿನಾ?"

"ಯಾರೂ ಇಲ್ಲ. ನಿಮ್ಮ ಜೊತೆ ಕೋರ್ಟಿಗೆ ಬಂದು ಕಲ್ತೆ."

ತಟ್ಟೆ ಗೋಡೆಗೆ ಬಡಿದು ಸಾರು ಕ್ಯಾಲೆಂಡರಿನ ಮೇಲೆ ಇಳಿಯಿತು. ಕೋಣೆಯಿಂದ ಪ್ರಿಯಾ ಓಡಿ ಬಂದಳು. "ನೀನೂ ಅವಳೇ. ನನ್ನ ಮನೆಗೆ ಎರಡು ವಾಣಿ" ಎಂದ ಸುದೀಪ್. ಪುಷ್ಪಮ್ಮ ಮಂಚದಿಂದ ಇಳಿಯಲಿಲ್ಲ. ಪ್ರಿಯಾ ನೆಲ ಒರೆಸಲು ಬಟ್ಟೆ ತಂದಳು. "ನೀನು ಬಿಡು" ಎಂದು ಸುಷ್ಮಾ ಅದನ್ನು ಇಸಿದುಕೊಂಡಳು.

ಅವಳು ಸಹಿ ಹಾಕಲಿಲ್ಲ. ಸುದೀಪ್ ಬ್ಯಾಂಕುಗಳನ್ನು ಸುತ್ತಿದ. ಕೇಸಿನಲ್ಲಿರುವ ಮನೆಯ ಮೇಲೆ ಯಾರೂ ಸಾಲ ಕೊಡಲಿಲ್ಲ. ಕೋರ್ಟಿನ ಹರಾಜಾದರೆ ಅರ್ಧ ಬೆಲೆಯೂ ಬರುವುದಿಲ್ಲವೆಂದು ಏಕಾಂತಪ್ಪ ಹೇಳಿದ್ದಕ್ಕೆ, ವಾಣಿಯ ಒಪ್ಪಿಗೆ ಪಡೆದು ಮನೆಯನ್ನು ಹೊರಗಿನವರಿಗೆ ಮಾರಿದರು. ಕೊಂಡವರು ಮಳೆಗಾಲಕ್ಕೆ ಮುಂಚೆಯೇ ಕೆಡವಿದರು. ವಾಣಿ ತನ್ನ ಪಾಲು ತೆಗೆದುಕೊಂಡಳು. ಸುದೀಪನ ಪಾಲಿನಲ್ಲಿ ಬ್ಯಾಂಕಿನ ಸಾಲ ತೀರಿ, ಬೇರೆ ಕಡೆ ಅಂಗಡಿಗೆ ಅಡ್ವಾನ್ಸ್ ಕೊಟ್ಟು, ಉಳಿದದ್ದರಲ್ಲಿ ಮನೆ ಕೊಳ್ಳುವಂತಿರಲಿಲ್ಲ. ಊರ ಇನ್ನೊಂದು ತುದಿಯಲ್ಲಿ ಬಾಡಿಗೆಗೆ ಹೋದರು. ಪುಷ್ಪಮ್ಮನ ಮಂಚಕ್ಕೆ ಅಲ್ಲಿ ಓಣಿಯೂ ಇರಲಿಲ್ಲ, ಹಾಲಿನಲ್ಲಿ ಟಿ.ವಿ. ಪಕ್ಕ ಹಾಕಿದರು. ಸುದೀಪ್ ಹೆಂಡತಿಯ ಜೊತೆ ಮಾತು ಬಿಟ್ಟ. ಏನಾದರೂ ಬೇಕಿದ್ದರೆ, "ನಿಮ್ಮಮ್ಮನಿಗೆ ಹೇಳು" ಎಂದು ಪ್ರಿಯಾಗೆ ಹೇಳುತ್ತಿದ್ದ.

ಸುಷ್ಮಾ ಗದ್ದೆಯನ್ನು ಪಕ್ಕದ ಜಮೀನಿನ ಚಂದ್ರು ಎಂಬುವನಿಗೆ ಗುತ್ತಿಗೆಗೆ ಕೊಟ್ಟಳು. ಬರುವ ಭತ್ತದಲ್ಲಿ ಅರ್ಧ ಅವಳಿಗೆ. ಮನೆಯಲ್ಲಿ ಏನಿಲ್ಲದಿದ್ದರೂ ವರ್ಷದ ಅಕ್ಕಿ ತನ್ನದು ಎಂದುಕೊಂಡಳು. ನಾಟಿಯಾಗಿ ಸ್ವಲ್ಪ ದಿನಕ್ಕೆ ಚಂದ್ರು ಫೋನ್ ಮಾಡಿದ. "ಅಕ್ಕ, ಪೈರು ಒಣಗ್ತಿದೆ. ಕಾಲುವೆ ನೀರು ನಿಮ್ಮಣ್ಣನ ಗದ್ದೆ ದಾಟಿನೇ ಇಲ್ಲಿಗೆ ಬರ್ಬೇಕು. ಅವರು ಮಣ್ಣು ಹಾಕಿ ಮುಚ್ಚಿದಾರೆ. ನಾನು ಕೇಳಿದ್ರೆ ಜಗಳಕ್ಕೆ ಬರ್ತಾರೆ. ನೀವೇ ಬಂದು ಮಾತಾಡಿ."

ಹೊಳೆಹೊನ್ನೂರಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಆಟೋ ಹಿಡಿದು, ಬದುವಿನ ಮೇಲೆ ನಡೆದು ಹೋದಳು. ಅಣ್ಣನ ಗದ್ದೆಯಲ್ಲಿ ನೀರು ನಿಂತಿತ್ತು, ಪೈರು ಹಸಿರಾಗಿತ್ತು. ಬದುವಿನ ಈಚೆ ಅವಳ ಪಾಲಿನಲ್ಲಿ ಮಣ್ಣು ಬಿರುಕು ಬಿಟ್ಟಿತ್ತು. ಶಿವಕುಮಾರ್ ಗುದ್ದಲಿ ಹಿಡಿದು ಆಚೆ ತುದಿಯಲ್ಲಿದ್ದ. ಅವಳನ್ನು ನೋಡಿದ, ಕೆಲಸ ನಿಲ್ಲಿಸಲಿಲ್ಲ.

"ಅಣ್ಣ" ಎಂದು ಕರೆದಳು. "ಅವ್ವ ಹೇಗಿದಾಳೆ?"

"ಇದಾಳೆ."

"ಮಂಡಿನೋವು?"

ಅವನು ಗುದ್ದಲಿಯಿಂದ ಬದುವಿಗೆ ಮಣ್ಣು ಎಳೆದ.

"ಅಣ್ಣ, ನೀರು ಬಿಡು. ನನ್ನ ಮೇಲಿನ ಸಿಟ್ಟು ಪೈರಿನ ಮೇಲೆ ಯಾಕೆ? ಅಪ್ಪನ ಕಾಲದಿಂದ ಈ ಕಾಲುವೆ ಹೀಗೇ ಹರೀತಿತ್ತಲ್ಲ."

ಶಿವಕುಮಾರ್ ಗುದ್ದಲಿ ನೆಲಕ್ಕೂರಿ ಮೊದಲ ಬಾರಿಗೆ ಅವಳ ಮುಖ ನೋಡಿದ. ವರ್ಷದಲ್ಲಿ ಅವನ ಗಡ್ಡವೆಲ್ಲ ಬೆಳ್ಳಗಾಗಿತ್ತು.

"ಅಪ್ಪನ ಕಾಲದಲ್ಲಿ ಇದು ಒಂದೇ ಗದ್ದೆ. ರಾಜಿ ಕಾಗದದಲ್ಲಿ ನಿಂಗೆ ಮಣ್ಣು ಅಂತ ಬರ್ದಿದೆ, ನೀರು ಅಂತ ಬರ್ದಿಲ್ಲ" ಎಂದ. "ಬೇಕಾದ್ರೆ ಅದಕ್ಕೂ ಕೋರ್ಟಿಗೆ ಹೋಗು."

ಗುದ್ದಲಿ ಹೆಗಲಿಗೇರಿಸಿ, ನೀರು ತುಳಿಯುತ್ತ ಅವನು ಆಚೆ ದಡಕ್ಕೆ ಹೋದ. ಅವನ ಬೈಕು ಮರೆಯಾಗುವವರೆಗೂ ಸುಷ್ಮಾ ಬದುವಿನ ಮೇಲೆ ನಿಂತಿದ್ದಳು. ಮುಚ್ಚಿದ ಮಣ್ಣನ್ನು ಕಾಲಿನಿಂದಲೇ ಕೆದಕಬಹುದಿತ್ತು. ಕೆದಕಿದರೆ ಅವನು ನಾಳೆ ಮತ್ತೆ ಮುಚ್ಚುತ್ತಾನೆ. ಅವಳು ಚಂದ್ರುವಿಗೆ, "ಎರಡು ದಿನ ತಡಿಯಪ್ಪ" ಎಂದು ಹೇಳಿ ರಸ್ತೆಗೆ ಬಂದಳು.

ಹೊಳೆಹೊನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಶಿವಮೊಗ್ಗದ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಕಲ್ಲಿನ ಬೆಂಚಿನ ಮೇಲೆ ಕುಳಿತು, ಎಷ್ಟೋ ವರ್ಷದಿಂದ ಒತ್ತದಿದ್ದ ನಂಬರನ್ನು ಫೋನಿನಲ್ಲಿ ಹುಡುಕಿದಳು. ಅತ್ತ ಕಡೆ ಬಹಳ ಹೊತ್ತು ರಿಂಗಾಯಿತು.

"ಯಾರು? ಸುಷ್ಮಾನಾ?" ಎಂದಿತು ವಾಣಿಯ ದನಿ. "ಏನಾಯ್ತೇ? ಅಮ್ಮ ಚೆನ್ನಾಗಿದಾಳಾ?"

"ಚೆನ್ನಾಗಿದಾರೆ ವಾಣಕ್ಕ." ಸುಷ್ಮಾ ಚೀಲದಿಂದ ಪೆನ್ನು ತೆಗೆದಳು. "ನಿಮ್ಮ ಕೇಸು ನಡೆಸಿದ್ರಲ್ಲ, ಆ ವಕೀಲರ ನಂಬರ್ ಬೇಕಿತ್ತು."

ಫೋನಿನಲ್ಲಿ ಕುಕ್ಕರ್ ಕೂಗಿದ ಸದ್ದು ಕೇಳಿಸಿತು. ಯಾರೋ ಅದನ್ನು ಆರಿಸಿದರು.

"ಯಾರ ಮೇಲೆ?" ಎಂದು ವಾಣಿ ಕೇಳಿದಳು.

"ಅಣ್ಣನ ಮೇಲೆ."

"ಬೇಡ ಅನ್ನೋಕೆ ನಂಗೆ ಬಾಯಿಲ್ಲ ಸುಷ್ಮಾ" ಎಂದಳು ವಾಣಿ. "ಬರ್ಕೋ, ಹೇಳ್ತೀನಿ."